ಬಳಕೆಯಲ್ಲಿಲ್ಲದ ರೈಲು ನಿಲ್ದಾಣಗಳ ವಿಧಿವತ್ತಾದ ಮುಚ್ಚುಗಡೆ: ನಾಗರಿಕರಿಗೆ ಮಾಹಿತಿ

1. ಪೀಠಿಕೆ

ರೈಲುಗಳು ನಿಲ್ಲದ, ಟಿಕೆಟ್ ದೊರೆಯದ, ಸಿಬ್ಬಂದಿ ಇಲ್ಲದ ನಿಲ್ದಾಣವು ನೋಡುವವರಿಗೆ ಮುಚ್ಚಿಹೋದಂತೆ ಕಂಡರೂ ದಾಖಲೆಗಳಲ್ಲಿ ಇನ್ನೂ ಜೀವಂತವಾಗಿರಬಹುದು. ಅದೇ ರೀತಿ, ಕಟ್ಟಡ ಮತ್ತು ಫಲಕ ಸುಸ್ಥಿತಿಯಲ್ಲಿರುವ ನಿಲ್ದಾಣವು ಆದೇಶದ ಮೂಲಕ ಈಗಾಗಲೇ ಮುಚ್ಚಲ್ಪಟ್ಟಿರಬಹುದು. ಈ ಎರಡು ಸ್ಥಿತಿಗಳಲ್ಲಿ ನಾಗರಿಕರಿಗೆ ದೊರೆಯುವ ಪರಿಹಾರಗಳು ಬೇರೆಬೇರೆಯಾಗಿವೆ. ಆದುದರಿಂದ ಯಾವುದೇ ಮನವಿ ಸಲ್ಲಿಸುವ ಮೊದಲು ನಿಲ್ದಾಣದ ವಾಸ್ತವಿಕ ಸ್ಥಿತಿಯನ್ನು ತಿಳಿದುಕೊಳ್ಳುವುದು ಅವಶ್ಯಕ.

ಮುಚ್ಚುಗಡೆ ಎಂದರೇನು, ಅದನ್ನು ಯಾರು ನಿರ್ಧರಿಸುತ್ತಾರೆ, ಆಕ್ಷೇಪಣೆಯನ್ನು ಎಲ್ಲಿ ಮತ್ತು ಹೇಗೆ ಸಲ್ಲಿಸಬೇಕು, ನಿಲ್ದಾಣದ ಭೂಮಿ, ದಾರಿ ಮತ್ತು ಕಟ್ಟಡಗಳ ಗತಿ ಏನಾಗುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

2. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಸ್ಥಿತಿ

ಮೋರಖಂಡಿ ಗ್ರಾಮವಿರುವ ಬಸವಕಲ್ಯಾಣ ತಾಲ್ಲೂಕಿನ ಜನರು ರೈಲು ಪ್ರಯಾಣಕ್ಕಾಗಿ ಪಕ್ಕದ ಹುಮನಾಬಾದ್ ನಿಲ್ದಾಣವನ್ನು ಅವಲಂಬಿಸಿದ್ದಾರೆ. ಹುಮನಾಬಾದ್ ಮೂಲಕ ಹಾದುಹೋಗುವ ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗವು ದಿನಾಂಕ 29-10-2017ರಂದು ಪೂರ್ಣವಾಗಿ ಲೋಕಾರ್ಪಣೆಗೊಂಡಿತು. ದೂರದ ಗ್ರಾಮಗಳಿಗೆ ಒಂದೇ ನಿಲ್ದಾಣ ಆಸರೆಯಾಗಿರುವ ಇಂತಹ ಪ್ರದೇಶದಲ್ಲಿ, ಮಾರ್ಗದ ಮೇಲಿನ ಒಂದು ಸಣ್ಣ ಹಾಲ್ಟ್ ನಿಲ್ದಾಣದ ಉಳಿವೂ ಹಲವು ಗ್ರಾಮಗಳ ಓಡಾಟವನ್ನು ನಿರ್ಧರಿಸುತ್ತದೆ.

ರಾಜ್ಯದ ಎಲ್ಲ ನಿಲ್ದಾಣಗಳೂ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆಗೆ ಸೇರಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಬೀದರ್ ನಿಲ್ದಾಣವು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೂ, ಕಲಬುರಗಿ ನಿಲ್ದಾಣವು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೂ ಸೇರಿವೆ. ತಪ್ಪು ವಲಯಕ್ಕೆ ಕಳುಹಿಸಿದ ಮನವಿಯಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

3. ಪದಗಳ ವಿವರಣೆ

ಬ್ಲಾಕ್ ನಿಲ್ದಾಣ: ರೈಲುಗಳ ಚಲನೆಯನ್ನು ನಿಯಂತ್ರಿಸುವ ನಿಲ್ದಾಣ. ಒಂದು ರೈಲು ಮುಂದಿನ ಭಾಗವನ್ನು ಪ್ರವೇಶಿಸಲು ಅನುಮತಿ ಇಲ್ಲಿಂದ ದೊರೆಯುತ್ತದೆ. ಪ್ರಯಾಣಿಕರು ಕಡಿಮೆಯಿದ್ದರೂ ರೈಲುಗಳ ದಾಟುವಿಕೆಗೆ ಇಂತಹ ನಿಲ್ದಾಣ ಬೇಕಾಗಬಹುದು.

ಹಾಲ್ಟ್ ನಿಲ್ದಾಣ: ಪ್ರಯಾಣಿಕರು ಹತ್ತಿ ಇಳಿಯುವುದಕ್ಕೆ ಮಾತ್ರ ಇರುವ, ರೈಲುಗಳ ನಿಯಂತ್ರಣದಲ್ಲಿ ಪಾತ್ರವಿಲ್ಲದ ನಿಲ್ದಾಣ. ಅನೇಕ ಹಾಲ್ಟ್‌ಗಳಲ್ಲಿ ಕಮಿಷನ್ ಆಧಾರದ ಮೇಲೆ ನೇಮಕಗೊಂಡ ಏಜೆಂಟರು ಟಿಕೆಟ್ ನೀಡುತ್ತಾರೆ. ಹಳೆಯ ವರ್ಗೀಕರಣದಲ್ಲಿ ಇವು ‘ಎಫ್’ ವರ್ಗದಲ್ಲಿದ್ದವು. 2017ರ ಪರಿಷ್ಕರಣೆಯ ನಂತರ ಎಚ್‌ಜಿ-1, ಎಚ್‌ಜಿ-2 ಮತ್ತು ಎಚ್‌ಜಿ-3 ಎಂದು ವಿಂಗಡಿಸಲಾಗಿದೆ.

ನಿಲುಗಡೆ ರದ್ದತಿ: ನಿರ್ದಿಷ್ಟ ರೈಲು ಆ ನಿಲ್ದಾಣದಲ್ಲಿ ನಿಲ್ಲುವುದನ್ನು ಕೈಬಿಡುವುದು. ಇದು ನಿಲ್ದಾಣದ ಮುಚ್ಚುಗಡೆ ಅಲ್ಲ.

ಸೇವೆ ಸ್ಥಗಿತ: ಗೇಜ್ ಪರಿವರ್ತನೆ, ಅಪಘಾತ, ಪ್ರವಾಹ ಅಥವಾ ಇತರ ಕಾರಣಗಳಿಂದ ರೈಲುಗಳನ್ನು ನಿಲ್ಲಿಸಿರುವುದು. ಅವಧಿ ಎಷ್ಟೇ ದೀರ್ಘವಾದರೂ ಇದು ತನ್ನಷ್ಟಕ್ಕೆ ಮುಚ್ಚುಗಡೆ ಆಗುವುದಿಲ್ಲ.

ವಿಧಿವತ್ತಾದ ಮುಚ್ಚುಗಡೆ: ಸಕ್ಷಮ ಪ್ರಾಧಿಕಾರದ ಲಿಖಿತ ಆದೇಶದಂತೆ, ಗೊತ್ತುಪಡಿಸಿದ ದಿನಾಂಕದಿಂದ ನಿಲ್ದಾಣವನ್ನು ಪ್ರಯಾಣಿಕ ಸಂಚಾರಕ್ಕೆ, ಸರಕು ಸಂಚಾರಕ್ಕೆ ಅಥವಾ ಎರಡಕ್ಕೂ ಮುಚ್ಚುವುದು.

4. ಕಾನೂನಿನ ಆಧಾರ

ಭಾರತ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 22ನೇ ನಮೂದಿನ ಪ್ರಕಾರ ರೈಲ್ವೆಯು ಕೇಂದ್ರದ ವಿಷಯವಾಗಿದೆ. ಆದುದರಿಂದ ಗ್ರಾಮ ಪಂಚಾಯಿತಿ, ತಹಶೀಲ್ದಾರರು ಅಥವಾ ಜಿಲ್ಲಾಧಿಕಾರಿಗಳು ನಿಲ್ದಾಣವನ್ನು ಮುಚ್ಚಲು ಅಥವಾ ತೆರೆಯಲು ಆದೇಶಿಸಲಾರರು. ಆದರೆ ಅವರ ಶಿಫಾರಸು ಮತ್ತು ಸ್ಥಳೀಯ ಸಂಸ್ಥೆಗಳ ನಿರ್ಣಯಗಳು ಮನವಿಗೆ ಬಲ ನೀಡುತ್ತವೆ.

ರೈಲ್ವೆ ಕಾಯಿದೆ, 1989ರ 25ನೇ ಪ್ರಕರಣವು, ಬಳಕೆಯಿಂದ ಜನರಿಗೆ ಅಪಾಯವಿದೆಯೆಂದು ಆಯುಕ್ತರ ಪರಿಶೀಲನೆಯ ನಂತರ ಕಂಡುಬಂದಲ್ಲಿ ರೈಲ್ವೆಯನ್ನು ಮುಚ್ಚಲು ನಿರ್ದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ. ಹಾಗೆ ಮುಚ್ಚಿದ್ದನ್ನು ಪುನಃ ತೆರೆಯುವ ಬಗ್ಗೆ 26ನೇ ಪ್ರಕರಣ ಹೇಳುತ್ತದೆ. ಇದು ಸುರಕ್ಷತೆಗೆ ಸಂಬಂಧಿಸಿದ ವ್ಯವಸ್ಥೆ.

ಪ್ರಯಾಣಿಕರ ಕೊರತೆ ಅಥವಾ ಆದಾಯದ ಕೊರತೆಯಿಂದ ಮಾಡುವ ಮುಚ್ಚುಗಡೆ ಬೇರೆ ಬಗೆಯದು. ಅದು ಆಡಳಿತಾತ್ಮಕ ನಿರ್ಧಾರ. ಅಂತಹ ನಿರ್ಧಾರಕ್ಕೆ ಮೊದಲು ಸಾರ್ವಜನಿಕ ವಿಚಾರಣೆ ನಡೆಸಲೇಬೇಕೆಂಬ ಪ್ರತ್ಯೇಕ ಪ್ರಕರಣ ಸದರಿ ಕಾಯಿದೆಯಲ್ಲಿಲ್ಲ. ಬ್ರಿಟನ್ನಿನಲ್ಲಿ 1962ರ ಸಾರಿಗೆ ಕಾಯಿದೆಯು ಬಳಕೆದಾರರು ಆಕ್ಷೇಪಣೆ ಸಲ್ಲಿಸುವುದಕ್ಕೂ, ಅವರಿಗಾಗುವ ತೊಂದರೆಯ ಬಗ್ಗೆ ಸಮಿತಿಯು ವರದಿ ನೀಡುವುದಕ್ಕೂ ಅವಕಾಶ ಕಲ್ಪಿಸಿತ್ತು. ಅಲ್ಲಿ 1963ರ ಬೀಚಿಂಗ್ ವರದಿಯು ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿದಾಗ ಕೆಲವು ನಿಲ್ದಾಣಗಳು ಇಂತಹ ಆಕ್ಷೇಪಣೆಗಳ ನಂತರ ಉಳಿದುಕೊಂಡವು. ನಮ್ಮಲ್ಲಿ ಅಂತಹ ಕಡ್ಡಾಯ ವಿಚಾರಣೆ ಇಲ್ಲದಿರುವುದರಿಂದ, ಆದೇಶ ಹೊರಡುವವರೆಗೆ ಕಾಯದೆ, ಪ್ರಸ್ತಾವನೆಯ ಸುಳಿವು ದೊರೆತ ಕೂಡಲೇ ಮನವಿ ಸಲ್ಲಿಸುವುದು ಉಚಿತ.

5. ಮುಚ್ಚುಗಡೆಗೆ ಸಾಮಾನ್ಯ ಕಾರಣಗಳು

ಅ) ಟಿಕೆಟ್ ಮಾರಾಟ ಮತ್ತು ಪ್ರಯಾಣಿಕರ ಸಂಖ್ಯೆ ಕುಸಿದಿರುವುದು.
ಆ) ಗೇಜ್ ಪರಿವರ್ತನೆಯ ವೇಳೆ ಮಾರ್ಗದ ಜೋಡಣೆ ಬದಲಾಗಿ ಹಳೆಯ ನಿಲ್ದಾಣ ಬದಿಗೆ ಉಳಿದಿರುವುದು.
ಇ) ಜಲಾಶಯದಿಂದಾಗುವ ಮುಳುಗಡೆ.
ಈ) ಗಣಿ ಅಥವಾ ಕಾರ್ಖಾನೆ ಮುಚ್ಚಿ ಸರಕು ಸಂಚಾರ ನಿಂತಿರುವುದು.
ಉ) ಹಾಲ್ಟ್ ಏಜೆಂಟರ ಕೆಲಸಕ್ಕೆ ಯಾರೂ ಮುಂದೆ ಬಾರದಿರುವುದು.

ಮೊದಲನೆಯ ಕಾರಣದ ಬಗ್ಗೆ ವಿಶೇಷ ಗಮನ ಅಗತ್ಯ. 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ದೇಶಾದ್ಯಂತ ಪ್ರಯಾಣಿಕ ರೈಲುಗಳು ನಿಂತವು. ನಂತರ ಅನೇಕ ಪ್ಯಾಸೆಂಜರ್ ರೈಲುಗಳು ವಿಶೇಷ ಅಥವಾ ಎಕ್ಸ್‌ಪ್ರೆಸ್ ರೂಪದಲ್ಲಿ ಮರಳಿದವು ಮತ್ತು ಕನಿಷ್ಠ ದರವು 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. 2024ರ ಫೆಬ್ರವರಿಯಲ್ಲಿ ಹಳೆಯ ಸಾಮಾನ್ಯ ದರವನ್ನು ಮತ್ತೆ ಜಾರಿಗೆ ತರಲಾಯಿತು. ರೈಲೇ ನಿಲ್ಲದ ಅಥವಾ ದರ ಮೂರು ಪಟ್ಟಾಗಿದ್ದ ಅವಧಿಯ ಟಿಕೆಟ್ ಲೆಕ್ಕವು ಗ್ರಾಮದ ನಿಜವಾದ ಅಗತ್ಯವನ್ನು ತೋರಿಸುವುದಿಲ್ಲ. ಆದುದರಿಂದ ಮನವಿಯಲ್ಲಿ ಸೇವೆ ಪೂರ್ಣವಾಗಿದ್ದ ವರ್ಷಗಳ ಅಂಕಿಅಂಶಗಳನ್ನು ಕೇಳಿ ಪಡೆದು ನಮೂದಿಸತಕ್ಕದ್ದು. ಟಿಕೆಟ್ ಇಲ್ಲದೆ ಪ್ರಯಾಣಿಸುವವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂಬುದನ್ನೂ ಗ್ರಾಮಸ್ಥರು ಅರಿತಿರಬೇಕು.

6. ಮುಚ್ಚುಗಡೆಯ ಸಾಮಾನ್ಯ ಹಂತಗಳು

(1) ವಾಣಿಜ್ಯ ಶಾಖೆಯು ಪ್ರಯಾಣಿಕರ ಸಂಖ್ಯೆ, ಆದಾಯ ಮತ್ತು ವೆಚ್ಚವನ್ನು ಪರಿಶೀಲಿಸುತ್ತದೆ.
(2) ಸಂಚಾರ ನಿರ್ವಹಣೆಗೆ ಆ ನಿಲ್ದಾಣ ಬೇಕೇ ಎಂಬ ಬಗ್ಗೆ ಅಭಿಪ್ರಾಯ ಪಡೆಯಲಾಗುತ್ತದೆ. ಕೆಲವೊಮ್ಮೆ ಬ್ಲಾಕ್ ನಿಲ್ದಾಣವನ್ನು ಮೊದಲು ಹಾಲ್ಟ್ ಆಗಿ ಇಳಿಸಲಾಗುತ್ತದೆ.
(3) ವಿಭಾಗದ ಪ್ರಸ್ತಾವನೆಯು ವಲಯದ ಕೇಂದ್ರ ಕಚೇರಿಗೆ ಹೋಗುತ್ತದೆ.
(4) ಮುಚ್ಚುವ ದಿನಾಂಕ ತಿಳಿಸುವ ಪ್ರಕಟಣೆ ಹೊರಡುತ್ತದೆ. ವೇಳಾಪಟ್ಟಿ ಮತ್ತು ಟಿಕೆಟ್ ವ್ಯವಸ್ಥೆಯಿಂದ ನಿಲ್ದಾಣದ ಹೆಸರನ್ನು ತೆಗೆಯಲಾಗುತ್ತದೆ.
(5) ಸಾಮಗ್ರಿಗಳನ್ನು ಹಿಂಪಡೆದು ಕಟ್ಟಡ ಮತ್ತು ಭೂಮಿಯನ್ನು ಇಂಜಿನಿಯರಿಂಗ್ ಶಾಖೆಯ ಸುಪರ್ದಿಗೆ ನೀಡಲಾಗುತ್ತದೆ.

ಮೂರನೇ ಹಂತದವರೆಗೆ ಸಲ್ಲಿಸುವ ಮನವಿಯು ಹೆಚ್ಚು ಫಲಕಾರಿ. ನಾಲ್ಕನೇ ಹಂತದ ನಂತರ ಕೇಳಬೇಕಾದದ್ದು ಪುನರಾರಂಭವನ್ನೇ.

7. ನಿಲ್ದಾಣದ ಸ್ಥಿತಿಯನ್ನು ತಿಳಿಯುವ ವಿಧಾನ

ಮಾಹಿತಿ ಹಕ್ಕು ಕಾಯಿದೆ, 2005ರ ಅಡಿ ಸಂಬಂಧಿಸಿದ ರೈಲ್ವೆ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಲು 6ನೇ ಪ್ರಕರಣವು ಅವಕಾಶ ನೀಡುವುದರಿಂದ ಕನ್ನಡದಲ್ಲಿಯೇ ಬರೆಯಬಹುದು.

ಶುಲ್ಕ: 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ದಾಖಲೆಯ ಪ್ರತಿ ಲಗತ್ತಿಸಿದಲ್ಲಿ ಶುಲ್ಕವಿಲ್ಲ.
ಪ್ರತಿಗಳ ವೆಚ್ಚ: ಸಾಮಾನ್ಯ ಅಳತೆಯ ಪುಟಕ್ಕೆ 2 ರೂಪಾಯಿ.
ಉತ್ತರದ ಅವಧಿ: 30 ದಿನಗಳು. ಅರ್ಜಿಯು ಬೇರೆ ಪ್ರಾಧಿಕಾರಕ್ಕೆ ಸೇರಿದ್ದಲ್ಲಿ 5 ದಿನಗಳೊಳಗೆ ವರ್ಗಾಯಿಸತಕ್ಕದ್ದು.
ಮೊದಲ ಮೇಲ್ಮನವಿ: ಉತ್ತರ ಬಂದ ಅಥವಾ ಅವಧಿ ಮುಗಿದ 30 ದಿನಗಳೊಳಗೆ.
ಎರಡನೇ ಮೇಲ್ಮನವಿ: 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ. ರೈಲ್ವೆಯು ಕೇಂದ್ರದ ಪ್ರಾಧಿಕಾರವಾದ್ದರಿಂದ ರಾಜ್ಯ ಮಾಹಿತಿ ಆಯೋಗಕ್ಕೆ ಸಲ್ಲಿಸಬಾರದು.

ಅರ್ಜಿಯಲ್ಲಿ ಕೇಳಬೇಕಾದ ಮುಖ್ಯ ಅಂಶಗಳು: ನಿಲ್ದಾಣವನ್ನು ಮುಚ್ಚಿದ ಆದೇಶದ ಪ್ರತಿ, ಆದೇಶವಿಲ್ಲದಿದ್ದಲ್ಲಿ ಬಾಕಿ ಇರುವ ಪ್ರಸ್ತಾವನೆಯ ವಿವರ, ಕಳೆದ ಹತ್ತು ವರ್ಷಗಳ ವರ್ಷವಾರು ಟಿಕೆಟ್ ಮಾರಾಟ, ನಿಲುಗಡೆ ಹಿಂಪಡೆದ ದಿನಾಂಕ ಮತ್ತು ಕಾರಣ, ನಿಲ್ದಾಣದ ಭೂಮಿಯ ವಿಸ್ತೀರ್ಣ ಮತ್ತು ನಕ್ಷೆ.

8. ಆಕ್ಷೇಪಣೆ ಅಥವಾ ಮನವಿ ಸಲ್ಲಿಸುವ ವಿಧಾನ

ಮನವಿಯನ್ನು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆದು, ಪ್ರತಿಯನ್ನು ವಲಯದ ಪ್ರಧಾನ ವ್ಯವಸ್ಥಾಪಕರಿಗೆ, ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಮತ್ತು ಜಿಲ್ಲಾಧಿಕಾರಿಗಳಿಗೆ ನೀಡತಕ್ಕದ್ದು. ವಿಭಾಗೀಯ ಮತ್ತು ವಲಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಗಳ ಸದಸ್ಯರ ಮೂಲಕವೂ ವಿಷಯವನ್ನು ಸಭೆಯ ಮುಂದೆ ಇರಿಸಬಹುದು.

ಮನವಿಯಲ್ಲಿ ಇರಬೇಕಾದ ವಿವರಗಳು:

ಅ) ನಿಲ್ದಾಣದ ಹೆಸರು ಮತ್ತು ಹಿಂದಿನ ಮುಂದಿನ ನಿಲ್ದಾಣಗಳು.
ಆ) ನಿಲ್ದಾಣವನ್ನು ಬಳಸುವ ಗ್ರಾಮಗಳ ಪಟ್ಟಿ ಮತ್ತು ಜನಸಂಖ್ಯೆ.
ಇ) ವಿದ್ಯಾರ್ಥಿಗಳು, ರೋಗಿಗಳು, ಕೂಲಿಕಾರರು, ತರಕಾರಿ ಹಾಗೂ ಹಾಲು ಮಾರುವವರು ಯಾವ ಊರಿಗೆ, ಯಾವ ಹೊತ್ತಿನಲ್ಲಿ ಹೋಗಬೇಕಾಗಿದೆ ಎಂಬ ವಿವರ.
ಈ) ಸಮೀಪದ ಬೇರೆ ನಿಲ್ದಾಣದ ದೂರ, ಅಲ್ಲಿಗೆ ಬಸ್ಸಿನ ವ್ಯವಸ್ಥೆ, ಮಳೆಗಾಲದಲ್ಲಿ ರಸ್ತೆಯ ಸ್ಥಿತಿ.
ಉ) ಜಾತ್ರೆ ಮತ್ತು ಸಂತೆಯ ದಿನಗಳ ಜನಸಂದಣಿ.
ಊ) ಗ್ರಾಮಸಭೆ ಅಥವಾ ಗ್ರಾಮ ಪಂಚಾಯಿತಿಯ ನಿರ್ಣಯದ ದೃಢೀಕೃತ ಪ್ರತಿ.

ಕೇವಲ ಸಹಿಗಳ ಸಂಖ್ಯೆಗಿಂತ ಮೇಲ್ಕಂಡ ವಿವರಗಳು ಹೆಚ್ಚು ತೂಕ ಹೊಂದಿರುತ್ತವೆ. ಸ್ವೀಕೃತಿ ಪಡೆಯದೆ ಮನವಿ ನೀಡಬಾರದು. ರೈಲ್‌ಮದದ್ ವ್ಯವಸ್ಥೆ, 139 ಸಹಾಯವಾಣಿ ಮತ್ತು ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು. ಆದರೆ ಅವು ಲಿಖಿತ ಮನವಿಗೆ ಬದಲಿಯಲ್ಲ.

ಆದೇಶದಲ್ಲಿ ಕಾನೂನಿನ ಅಥವಾ ಪ್ರಕ್ರಿಯೆಯ ದೋಷವಿದ್ದಲ್ಲಿ ಬೀದರ್ ಜಿಲ್ಲೆಯ ನಿವಾಸಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ, 1987ರಲ್ಲಿ ಹೇಳಿರುವ ಇತರರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಹಾಯವಾಣಿ ಸಂಖ್ಯೆ 15100.

9. ಭೂಮಿ ಮತ್ತು ದಾರಿ

ನಿಲ್ದಾಣ ಮುಚ್ಚಿದ ಮಾತ್ರಕ್ಕೆ ಅದರ ಭೂಮಿಯು ಮೂಲ ಮಾಲೀಕರಿಗಾಗಲಿ, ಅವರ ವಾರಸುದಾರರಿಗಾಗಲಿ ಹಿಂತಿರುಗುವುದಿಲ್ಲ. ಕಾನೂನಿನಂತೆ ಸ್ವಾಧೀನಗೊಂಡ ಭೂಮಿಯು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರದಲ್ಲಿ ನಿಹಿತವಾಗಿರುತ್ತದೆ. ರೈಲ್ವೆಗೆ ಬೇಡವಾದ ಭೂಮಿಯ ವಾಣಿಜ್ಯ ಬಳಕೆಗೆ 2005ರ ತಿದ್ದುಪಡಿಯ ಮೂಲಕ ರೈಲ್ವೆ ಭೂ ಅಭಿವೃದ್ಧಿ ಪ್ರಾಧಿಕಾರಕ್ಕೆ ಅವಕಾಶ ಕಲ್ಪಿಸಲಾಗಿದೆ. ಅಂತಹ ಭೂಮಿಯನ್ನು ಉಳುವುದು, ಶೆಡ್ ಹಾಕುವುದು ಅಥವಾ ಕಲ್ಲು ತೆಗೆಯುವುದು ಅತಿಕ್ರಮಣವಾಗುತ್ತದೆ. ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ಒಕ್ಕಲೆಬ್ಬಿಸುವಿಕೆ) ಕಾಯಿದೆ, 1971ರ ಅಡಿ ನೋಟಿಸು ಬಂದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ಉತ್ತರ ನೀಡತಕ್ಕದ್ದು.

ನಿಲ್ದಾಣದ ಆವರಣದ ಮೂಲಕ ಹೊಲಕ್ಕೆ, ಶಾಲೆಗೆ ಅಥವಾ ಸ್ಮಶಾನಕ್ಕೆ ಹೋಗುವ ರೂಢಿಯ ದಾರಿಯಿದ್ದಲ್ಲಿ ಅದನ್ನು ಮುಚ್ಚುಗಡೆಯ ಪ್ರಸ್ತಾವನೆಯ ಹಂತದಲ್ಲಿಯೇ ಲಿಖಿತವಾಗಿ ತಿಳಿಸುವುದು ಅತಿ ಮುಖ್ಯ. ಸರ್ಕಾರಿ ಆಸ್ತಿಯ ಮೇಲೆ ರೂಢಿಯಿಂದ ಅನುಭೋಗದ ಹಕ್ಕು ಸಾಧಿಸಲು ಅವಧಿ ಕಾಯಿದೆ, 1963ರ ಪ್ರಕಾರ 30 ವರ್ಷಗಳ ನಿರಂತರ, ಬಹಿರಂಗ ಮತ್ತು ಹಕ್ಕಿನ ಬಳಕೆಯನ್ನು ತೋರಿಸಬೇಕಾಗುತ್ತದೆ. ಮಾರ್ಗದ ಮೇಲೆ ರೈಲು ಓಡುತ್ತಿರುವಾಗ ಹಳಿ ದಾಟಲು ಹೆಚ್ಚುವರಿ ದಾರಿ ಬೇಕಿದ್ದಲ್ಲಿ ರೈಲ್ವೆ ಕಾಯಿದೆಯ 17ನೇ ಪ್ರಕರಣದಂತೆ ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ ಅಥವಾ ಭೂ ಮಾಲೀಕರು ತಮ್ಮ ವೆಚ್ಚದಲ್ಲಿ ಅದನ್ನು ಕೋರಬಹುದು. ನಿಲ್ದಾಣ ಮುಚ್ಚಿದೆ ಎಂದು ಭಾವಿಸಿ ಹಳಿ ದಾಟುವುದು ಪ್ರಾಣಾಪಾಯಕಾರಿ ಮತ್ತು 147ನೇ ಪ್ರಕರಣದಂತೆ ದಂಡನೀಯ.

10. ಹಳೆಯ ಕಟ್ಟಡಗಳು

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗವು 1915ರ ಸುಮಾರಿಗೆ 762 ಮಿ.ಮೀ. ಅಗಲದ ಕಿರು ಗೇಜ್ ಮಾರ್ಗವಾಗಿ ಆರಂಭವಾಯಿತು. ಗೇಜ್ ಪರಿವರ್ತನೆಯ ನಂತರವೂ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ನಿಲ್ದಾಣ ಕಟ್ಟಡಗಳು ಉಳಿದವು. ಬಹುಕಾಲ ಬಳಕೆಯಿಲ್ಲದೆ ಇದ್ದ ಇವುಗಳ ಸಂರಕ್ಷಣೆಗೆ ಪರಂಪರೆ ಸಂಸ್ಥೆಗಳು ಮುಂದಾದವು. ಅದೇ ಮಾರ್ಗದಲ್ಲಿ 2021ರ ಜನವರಿಯಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಮೀಪ ಹೊಸ ಹಾಲ್ಟ್ ನಿಲ್ದಾಣ ಆರಂಭವಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯ ನೆನಪಿಗಾಗಿ 2020ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಲಾಯಿತು.

ನೂರು ವರ್ಷ ದಾಟಿದ ಕಟ್ಟಡವು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅಡಿ ಪರಿಗಣನೆಗೆ ಅರ್ಹವಾಗಬಹುದಾದರೂ, ಅಧಿಸೂಚನೆಯಿಲ್ಲದೆ ರಕ್ಷಣೆ ದೊರೆಯುವುದಿಲ್ಲ. ಹಳೆಯ ನಾಮಫಲಕ, ಗಂಟೆ, ಸಿಗ್ನಲ್ ದಂಡ, ಟಿಕೆಟ್ ಪೆಟ್ಟಿಗೆ ಮುಂತಾದವುಗಳನ್ನು ಗುಜರಿಗೆ ಹಾಕುವ ಮೊದಲು ಸಂರಕ್ಷಿಸಬೇಕೆಂದು ಮನವಿಯಲ್ಲಿಯೇ ಕೋರಬಹುದು.

11. ಮುಚ್ಚಿದ ನಿಲ್ದಾಣಗಳ ಪುನರಾರಂಭ

ಮುಚ್ಚುಗಡೆಯು ಎಂದೆಂದಿಗೂ ಅಂತಿಮವಲ್ಲ. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಬೇಗುನ್‌ಕೋಡರ್ ನಿಲ್ದಾಣವು 1967ರಲ್ಲಿ ಮುಚ್ಚಿ 2009ರಲ್ಲಿ ಪುನಃ ತೆರೆಯಿತು. ರಾಜಸ್ಥಾನದ ಸಿಕರ್ ಜಿಲ್ಲೆಯ ರಶೀದ್‌ಪುರಾ ಖೋರಿ ನಿಲ್ದಾಣವು 2005ರಲ್ಲಿ ಆದಾಯದ ಕೊರತೆಯಿಂದ ಮುಚ್ಚಿತ್ತು. ಗ್ರಾಮಸ್ಥರು ಟಿಕೆಟ್ ಖರೀದಿಯ ಹೊಣೆ ಹೊತ್ತ ಮೇಲೆ 2009ರಲ್ಲಿ ಅದನ್ನು ತೆರೆಯಲಾಯಿತು. 2024ರಲ್ಲಿ ತೆಲಂಗಾಣದ ವಾರಂಗಲ್ ಜಿಲ್ಲೆಯ ನೆಕ್ಕೊಂಡದ ನಿವಾಸಿಗಳು ತಮ್ಮ ಊರಿನ ಎಕ್ಸ್‌ಪ್ರೆಸ್ ನಿಲುಗಡೆ ಉಳಿಸಲು ಹಣ ಕೂಡಿಸಿ ಟಿಕೆಟ್ ಖರೀದಿಸಿದರು.

ಕರ್ನಾಟಕದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಪ್ರಯಾಣಿಕ ರೈಲು ಕಾಣದಿದ್ದ ಕೊಟ್ಟೂರು ಮಾರ್ಗದಲ್ಲಿ 2019ರ ಅಕ್ಟೋಬರ್‌ನಲ್ಲಿ ಹೊಸಪೇಟೆ–ಹರಿಹರ ರೈಲು ಸಂಚಾರ ಆರಂಭವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ದಾಂಡೇಲಿ ಬಳಿಯ ಅಂಬೇವಾಡಿಗೆ ಅಳ್ನಾವರದಿಂದ ಪ್ರಯಾಣಿಕ ರೈಲು ಮತ್ತೆ ಓಡಿತು. ಇದಕ್ಕೆ ವ್ಯತಿರಿಕ್ತವಾಗಿ, ಕೇರಳದ ಚಿರಕ್ಕಲ್ ಮತ್ತು ವೆಳ್ಳರಕ್ಕಾಡ್ ಹಾಲ್ಟ್‌ಗಳು 2025ರ ಮೇ ತಿಂಗಳಲ್ಲಿ ಮುಚ್ಚಲ್ಪಟ್ಟವು. ಹಳಿ ಉಳಿದಿರುವ ಕಡೆ ಪುನರಾರಂಭ ಸಾಧ್ಯ. ಹಳಿ ತೆಗೆದು ಭೂಮಿ ಬೇರೆ ಬಳಕೆಗೆ ಹೋದ ನಂತರ ಅದು ಬಹುಮಟ್ಟಿಗೆ ಅಸಾಧ್ಯ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗ್ರಾಮದ ನಿಲ್ದಾಣದಲ್ಲಿ ಹಲವು ವರ್ಷಗಳಿಂದ ರೈಲು ನಿಲ್ಲುತ್ತಿಲ್ಲ. ಅದು ಮುಚ್ಚಿದಂತೆಯೇ?
ಉತ್ತರ: ಲಿಖಿತ ಆದೇಶವಿಲ್ಲದೆ ಹಾಗೆ ಹೇಳಲಾಗದು. ಆದೇಶವಿಲ್ಲದಿದ್ದಲ್ಲಿ ನಿಲುಗಡೆಯನ್ನು ಕೋರಿ ಮನವಿ ಸಲ್ಲಿಸತಕ್ಕದ್ದು. ಪುನರಾರಂಭವನ್ನು ಕೋರುವ ಅಗತ್ಯವಿಲ್ಲ.

ಪ್ರಶ್ನೆ: ಮಾಸಿಕ ಸೀಸನ್ ಟಿಕೆಟ್ ಹೊಂದಿರುವವರು ಏನು ಮಾಡಬೇಕು?
ಉತ್ತರ: ಟಿಕೆಟ್ ನೀಡಿದ ಅಥವಾ ಸಮೀಪದ ನಿಲ್ದಾಣದ ವಾಣಿಜ್ಯ ಸಿಬ್ಬಂದಿಗೆ ಮುಚ್ಚುವ ದಿನಾಂಕಕ್ಕೆ ಮೊದಲೇ ಅರ್ಜಿ ಸಲ್ಲಿಸಿ, ಬದಲಿ ನಿಲ್ದಾಣದ ಬಗ್ಗೆ ವಿಚಾರಿಸತಕ್ಕದ್ದು.

ಪ್ರಶ್ನೆ: ಬದಲಿ ಬಸ್ಸಿಗಾಗಿ ಯಾರನ್ನು ಕೇಳಬೇಕು?
ಉತ್ತರ: ಬೀದರ್ ಜಿಲ್ಲೆಯಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರನ್ನು ಅಥವಾ ವಿಭಾಗೀಯ ನಿಯಂತ್ರಣಾಧಿಕಾರಿಗಳನ್ನು. ಬಸ್ಸಿನ ವೇಳೆಯು ಸಮೀಪದ ನಿಲ್ದಾಣದ ರೈಲಿನ ವೇಳೆಗೆ ಹೊಂದುವಂತೆ ಕೋರುವುದು ಉಪಯುಕ್ತ.

ಪ್ರಶ್ನೆ: ವೇಳಾಪಟ್ಟಿ ಕನ್ನಡದಲ್ಲಿ ಇರಬೇಕೇ?
ಉತ್ತರ: ಹೌದು. ರೈಲ್ವೆ ಕಾಯಿದೆಯ 49ನೇ ಪ್ರಕರಣದಂತೆ ರೈಲುಗಳ ವೇಳೆ ಮತ್ತು ದರಗಳ ಪಟ್ಟಿಯನ್ನು ಹಿಂದಿ, ಇಂಗ್ಲಿಷ್ ಮತ್ತು ಆ ಪ್ರದೇಶದ ಭಾಷೆಯಲ್ಲಿ ನಿಲ್ದಾಣದಲ್ಲಿ ಪ್ರದರ್ಶಿಸತಕ್ಕದ್ದು.

ಪ್ರಶ್ನೆ: ಮುಚ್ಚಿದ ನಿಲ್ದಾಣದ ಕಟ್ಟಡವನ್ನು ಗ್ರಂಥಾಲಯ ಅಥವಾ ಅಂಗನವಾಡಿಗೆ ಪಡೆಯಬಹುದೇ?
ಉತ್ತರ: ಖಾಸಗಿ ವ್ಯಕ್ತಿಗಳ ಬದಲು ಗ್ರಾಮ ಪಂಚಾಯಿತಿಯು ನಿರ್ಣಯದೊಂದಿಗೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಪ್ರಸ್ತಾವನೆ ಕಳುಹಿಸುವುದು ಸೂಕ್ತ. ರೈಲು ಓಡುವ ಹಳಿಯ ಪಕ್ಕದ ಕಟ್ಟಡವಾದಲ್ಲಿ ಮಕ್ಕಳ ಸುರಕ್ಷತೆಯನ್ನು ಮೊದಲು ಪರಿಗಣಿಸತಕ್ಕದ್ದು.

13. ಸಾರ್ವಜನಿಕರ ವಿಶೇಷ ಗಮನಕ್ಕೆ

ಸಲ್ಲಿಸಿದ ಮನವಿ, ಸ್ವೀಕೃತಿ, ಹಳೆಯ ಟಿಕೆಟ್‌ಗಳು, ವೇಳಾಪಟ್ಟಿಯ ಪ್ರತಿಗಳು ಮತ್ತು ಭಾವಚಿತ್ರಗಳನ್ನು ಗ್ರಾಮ ಪಂಚಾಯಿತಿಯಲ್ಲಿ ಒಂದೇ ಕಡತದಲ್ಲಿ ಇರಿಸುವುದು ಒಳಿತು. ಅಧಿಕಾರಿಗಳು ಮತ್ತು ಪ್ರತಿನಿಧಿಗಳು ಬದಲಾದರೂ ಕಡತ ಉಳಿಯುತ್ತದೆ. ನಿಲ್ದಾಣ ಯಾರಿಗೆ, ಯಾವ ಕಾಲದಲ್ಲಿ, ಎಷ್ಟು ಉಪಯುಕ್ತವಾಗಿತ್ತು ಎಂಬುದಕ್ಕೆ ಮುಂದೆ ದೊರೆಯಬಹುದಾದ ಏಕೈಕ ಸಾಕ್ಷ್ಯ ಅದೇ ಆಗಿರಬಹುದು.